ಎಡತೋಳಿನ ಅನುವಾದ

ರಗಳೆಗೆಲ್ಲ ಮೂಲ ಒಂದು ಎಡತೋಳು. ಉಣ್ಣೆ ಎಂಜಿನಿಯರರ ಹೆಣಿಗೆ ಅಂಗಡಿಯಲ್ಲಿ ಹೊರಬೀಳುವ ಪ್ರತಿ ಸ್ವೆಟರಿನ ಎಡತೋಳೂ ಬಲತೋಳಿಗಿಂತ ಎರಡು ಬೆರಳು ಉದ್ದ. ಅವರೇನೂ ನಿಜವಾದ ಎಂಜಿನಿಯರಲ್ಲ. ಯೌವನದಲ್ಲಿ ಸಂಜೆ ತರಗತಿಗೆ ಹೋಗಿ, ಹೆಣಿಗೆ ಯಂತ್ರಕ್ಕೆ ವಿನ್ಯಾಸ ಹೇಳಿಕೊಡುವ ಪ್ರೋಗ್ರಾಂ ಒಂದನ್ನು ಸ್ವತಃ ಬರೆದಿದ್ದರು. ಆ ಹೆಸರು ಆಗ ಅಂಟಿಕೊಂಡದ್ದು. ತೋಳಿನ ಮಾತೆತ್ತಿದರೆ, ಕಂಪ್ಯೂಟರಿಗೆ ವಯಸ್ಸಾಯಿತು ಎಂದು ತಳ್ಳಿಹಾಕಿಬಿಡುತ್ತಿದ್ದರು. ಉದ್ದ ತೋಳುಗಳನ್ನು ಬಿಚ್ಚಿ ಹೆಣೆದು ಹೆಂಡತಿಯ ಕೈ ಸೋತುಹೋಗಿತ್ತು.

ಆ ಸಂಜೆ ಶಾಲೆಯ ಹೆಡ್‌ಮೇಡಂ ಬರುವವರಿದ್ದರು. ಯಂತ್ರದಿಂದ ಇಳಿದ ಸ್ವೆಟರು ಇದ್ದಂತೆಯೇ ಸರಿಯಿದ್ದರೆ ಇಡೀ ಶಾಲೆಯ ಆರ್ಡರು ಇವರಿಗೆ, ಇಲ್ಲವಾದರೆ ಎದುರಿನ ಅಂಗಡಿಗೆ. ಹೆಂಡತಿ ತಮ್ಮನಿಗೆ ಹೇಳಿ ಬೆಳಿಗ್ಗೆಯೇ ಹೊಸ ಕಂಪ್ಯೂಟರು ತರಿಸಿದರು. ಎಂಜಿನಿಯರರು ಖುಷಿಯಲ್ಲಿ ಹಳೆಯದನ್ನು ಆಗಲೇ ಗುಜರಿಯವನ ಗಾಡಿಗೆ ಎತ್ತಿಹಾಕಿದರು.

ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಪಕ್ಕದ ಕನ್ನಡಕದಂಗಡಿಯವರು ಬಂದು ಹೊಸ ಕಂಪ್ಯೂಟರಿನ ಪೆಟ್ಟಿಗೆಯ ಮೇಲಿನ ಅಕ್ಷರ ಓದಿದರು. "ಇದರ ಪ್ರೊಸೆಸರ್ ಬೇರೆ ತಳಿದು. ನಿಮ್ಮ ಪ್ರೋಗ್ರಾಂ ಹೇಳೋದು ಇದಕ್ಕೆ ತಲೆಬುಡ ಅರ್ಥ ಆಗಲ್ಲ."

ಎಂಜಿನಿಯರರು ಗಾಡಿಯ ಹಿಂದೆ ಓಡಿದರು, ಚಪ್ಪಲಿಯೊಂದನ್ನು ಕಳೆದುಕೊಂಡು ಬರಿಗೈಯಲ್ಲಿ ವಾಪಸಾದರು. ಅಷ್ಟರಲ್ಲಿ ಬಾಮೈದ, ಬೆಳಿಗ್ಗೆಯೇ ನಕಲು ಮಾಡಿಟ್ಟುಕೊಂಡಿದ್ದ ಪ್ರೋಗ್ರಾಮನ್ನು ಹೊಸದಕ್ಕೆ ಹಾಕಿದ್ದ. ಅನುವಾದಕ ಬೇಕೇ ಎಂದು ಪರದೆ ಕೇಳುತ್ತಿತ್ತು. ಹೂಂ ಎಂದು ಒತ್ತಿದರೆ ಎಲ್ಲ ಸ್ತಬ್ಧ. ಮುಗೀತು ಬಿಡಿ ಎಂದರು ಕನ್ನಡಕದವರು.

"ಸ್ವಲ್ಪ ತಡೀರಿ ಭಾವ," ಎಂದ ಬಾಮೈದ. "ಈ ಅನುವಾದಕ ಮೊದಲನೇ ಸಲ ಎಲ್ಲಾನೂ ಓದಿ, ಹಳೇ ಪ್ರೊಸೆಸರಿಗೆ ಕೊಟ್ಟಿದ್ದ ಒಂದೊಂದು ಅಪ್ಪಣೆನೂ ಹೊಸದರ ಭಾಷೆಗೆ ತಿರುಗಿಸುತ್ತೆ. ತಾನು ಹಳೇ ಕಂಪ್ಯೂಟರಲ್ಲೇ ಇದೀನಿ ಅಂತ ನಿಮ್ಮ ಪ್ರೋಗ್ರಾಂ ನಂಬಿಕೊಂಡಿರುತ್ತೆ."

ಪರದೆ ಬೆಳಗಿತು. ಅದೇ ನೀಲಿ ಬಣ್ಣ, ಮೂಲೆಯಲ್ಲಿ ಅವರೇ ಬಿಡಿಸಿದ್ದ ಅದೇ ಕುರಿಮರಿ. ಎಂಜಿನಿಯರರು ಪರದೆಗೆ ಮುಖವಿಟ್ಟು ನೋಡಿದರು. ತಾವು ಇಪ್ಪತ್ತರ ಹರೆಯದಲ್ಲಿ ಬರೆದ ಮಾತನ್ನು, ಆಗಿನ್ನೂ ಹುಟ್ಟಿಯೇ ಇರದ ಯಂತ್ರವೊಂದು ಗುರುತು ಪರಿಚಯವಿಲ್ಲದೆ ಪಾಲಿಸುತ್ತಿತ್ತು. ಕಣ್ಣು ತುಂಬಿ ಬಂತು. ಅಂಗಡಿಗೆ ಬಂದವರನ್ನೆಲ್ಲ ಕರೆಕರೆದು ತೋರಿಸಿದರು. ಹೆಡ್‌ಮೇಡಂ ಬಂದಾಗಲೂ ಅದೇ ವರ್ಣನೆ. "ಎಂಥಾ ನಿಯತ್ತು ನೋಡಿ ಮೇಡಂ. ಬರೆದವನು ಹೇಳಿದ್ದರಲ್ಲಿ ಒಂದಕ್ಷರ ಬಿಡಲ್ಲ, ಒಂದಕ್ಷರ ಸೇರಿಸಲ್ಲ."

ಯಂತ್ರದಿಂದ ಬೆಚ್ಚಗೆ ಇಳಿದ ಸ್ವೆಟರನ್ನು ಮೇಡಂ ಮೇಜಿನ ಮೇಲೆ ಹರಡಿ, ಎರಡು ತೋಳುಗಳನ್ನೂ ಪಕ್ಕಪಕ್ಕ ಇಟ್ಟರು. ಎಡತೋಳು ಎರಡು ಬೆರಳು ಉದ್ದವಿತ್ತು.

ಎಂಜಿನಿಯರರು ಬಾಗಿ ನೋಡಿದರು, ಅಳೆದರು. ಹಳೆಯ ಕಂಪ್ಯೂಟರಿನ ಎರಡು ಬೆರಳಿಗಿಂತ ಒಂದು ಎಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಆ ಸಂಕಟದಲ್ಲೂ ಅನುವಾದಕನಿಗೆ ಕೈಮುಗಿಯಬೇಕೆನಿಸಿತು. ಹೆಂಡತಿ ಮಾತ್ರ ತಾವು ಈವರೆಗೆ ಬಿಚ್ಚಿದ ತೋಳುಗಳನ್ನೆಲ್ಲ ನೆನೆದುಕೊಂಡವರಂತೆ ಗಂಡನನ್ನೇ ನೋಡುತ್ತ ನಿಂತಿದ್ದರು.

"ಹಾಗಾದ್ರೆ ತಪ್ಪು ಕಂಪ್ಯೂಟರಿಂದಲ್ಲ," ಎಂದರು ಮೇಡಂ, ಚೀಲ ಹೆಗಲಿಗೇರಿಸುತ್ತ. "ಈ ಪ್ರೋಗ್ರಾಂ ಬರೆದೋರು ಯಾರು?"

ಎಂಜಿನಿಯರರು ಬಾಯಿ ತೆರೆಯುವ ಮೊದಲೇ ಕನ್ನಡಕದವರು ಅಭಿಮಾನದಿಂದ ಮುಂದೆ ಬಂದರು. "ಇವರೇ ಮೇಡಂ. ಯಾರ ಸಹಾಯನೂ ಇಲ್ಲದೆ, ಪೂರ್ತಿ ಸ್ವಂತದ್ದು."