ನೀವು ಹುಡುಕುತ್ತಿರುವುದು ಇನ್ನು ನಮ್ಮೊಂದಿಗಿಲ್ಲ

ಇಂದ:
ಫೆಲಿಷಿಯಾ ನ್ಯಾರ್ಕೊ,
ವೆಬ್‌ಸೈಟ್ ಸಹಾಯಕಿ,
ಬಡುಕ್ರೋಮ್ ಜಿಲ್ಲಾ ಸಭೆ, ಘಾನಾ.

ಗೆ:
ಮಾನ್ಯ ನಿರ್ದೇಶಕರಾದ ಶ್ರೀ ಡೊಂಕೋರ್ ಅವರಿಗೆ,
ಬಡುಕ್ರೋಮ್ ಜಿಲ್ಲಾ ಸಭೆ.

ವಿಷಯ: ದೋಷಪುಟ ಬದಲಾವಣೆಯ ವರದಿ ಹಾಗೂ ಒಂದು ದಿನದ ರಜೆಯ ಬಗ್ಗೆ.

ಉಲ್ಲೇಖ:
1. ದೋಷಪುಟದಿಂದ ತನ್ನ ಮುಖ ತೆಗೆಯಬೇಕೆಂದು ಅರ್ಜಿದಾರಳು ಕೊಟ್ಟ ಅರ್ಜಿ.
2. ದಯವಿಟ್ಟು ತೆಗೆಯಬೇಕೆಂದು ಕೊಟ್ಟ ಎರಡನೆಯ ಅರ್ಜಿ.
3. ಬುಧವಾರ ಕಾರು ಹತ್ತುತ್ತಾ ತಾವು ಕೊಟ್ಟ ಮೌಖಿಕ ಆದೇಶ.

ಮಾನ್ಯರೇ,

ಉಲ್ಲೇಖ ಮೂರರ ಆದೇಶದಂತೆ ಅರ್ಜಿದಾರಳು ಇಂದು ಬೆಳಿಗ್ಗೆಯಿಂದ ಪುಟವನ್ನು ಬಿಚ್ಚುತ್ತಿದ್ದಾಳೆ. ಎರಡು ಮೇಣದಬತ್ತಿಗಳನ್ನು ತೆಗೆದಾಯಿತು. ಎರಡು ಪಾರಿವಾಳಗಳು ಹೋದವು. ನೆತ್ತಿಯ ಮೇಲೆ ಕೆಂಪಕ್ಷರದಲ್ಲಿದ್ದ ‘ಎಂಥಾ ಆಘಾತ!’ ಎಂಬುದೂ ಹೋಯಿತು. ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ಅವಳ ಮುಖವೊಂದು ಉಳಿದಿದೆ. ಅದಕ್ಕೆ ಕೈ ಹಾಕುವ ಮುನ್ನ ಈ ಕೆಳಕಂಡ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ.

1. ಸಭೆಯ ವೆಬ್‌ಸೈಟಿನಲ್ಲಿ ಜನ ಕೇಳಿದ ಪುಟ ಸಿಗದಿದ್ದಾಗ, ‘ಇಂಥ ಪುಟವಿಲ್ಲ’ ಎಂದು ಸರ್ವರ್ ಮೊದಲೆಲ್ಲ ಬೋಳು ಬೋಳಾಗಿ ಹೇಳುತ್ತಿತ್ತು. ತಾವು ಅಕ್ರಾದ ತರಬೇತಿಯಿಂದ ಬಂದವರೇ, ದೋಷಪುಟಕ್ಕೆ ಮಾನವೀಯ ಮುಖವಿರಬೇಕೆಂದು ಅಪ್ಪಣೆ ಮಾಡಿದಿರಿ. ಯಾರ ಮುಖವೆಂದು ಅರ್ಜಿದಾರಳು ಕೇಳಿದ್ದಕ್ಕೆ, “ನಿಂದೇ ಹಾಕಮ್ಮ, ಫೆಲಿ. ಸಂಕಟಪಡೋ ಮುಖ ನಿನಗೆ ಹೇಳಿ ಮಾಡಿಸಿದಂಗಿದೆ” ಎಂದಿರಿ. ‘ನಿಮ್ಮ ಮನವಿ ಸ್ವೀಕೃತವಾಗಿದೆ’ ಎಂದು ಹೇಳುವ ದೃಢೀಕರಣ ಪುಟಕ್ಕೆ ತಮ್ಮ ಮುಖ ಎಂದು ಅದೇ ಉಸಿರಿನಲ್ಲಿ ತೀರ್ಮಾನವಾಯಿತು.

2. ಪುಟಗಳ ಚಿತ್ರಕೆಲಸವನ್ನು ಬಸ್ ನಿಲ್ದಾಣದ ಎದುರಿನ ಪೋಸ್ಟರ್ ಅಂಗಡಿಯ ಕ್ವಾರ್ಶಿಗೆ ವಹಿಸಲಾಯಿತು. ಕ್ವಾರ್ಶಿ ಈ ಜಿಲ್ಲೆಯ ಸಾವಿನ ಪೋಸ್ಟರುಗಳನ್ನೆಲ್ಲ ಮಾಡಿದವನು. ಅವನ ಕೈಯಲ್ಲಿ ಒಮ್ಮೆಯಾದರೂ ಅಚ್ಚಾಗದೆ ಇಲ್ಲಿ ಯಾರೂ ಮಣ್ಣು ಸೇರಿಲ್ಲ. ಅವನು ತಂದುಕೊಟ್ಟ ದೋಷಪುಟದಲ್ಲಿ ಅರ್ಜಿದಾರಳು ಕಪ್ಪುಬಟ್ಟೆ ಉಟ್ಟು ಮೋಡಗಳ ನಡುವೆ ಕೂತಿದ್ದಳು. ಕೆಳಗೆ ‘ನೀವು ಹುಡುಕುತ್ತಿರುವುದು ಇನ್ನು ನಮ್ಮೊಂದಿಗಿಲ್ಲ’ ಎಂದಿತ್ತು. ಇದೇನಯ್ಯ ಎಂದು ಕೇಳಿದ್ದಕ್ಕೆ, “ಆಂಟಿ, ನನ್ನ ಹತ್ರ ಇರೋದು ಎರಡೇ ಮಾದರಿ. ಒಂದು ಹೋದೋರಿಗೆ, ಇನ್ನೊಂದು ಮದುವೆಯಾಗೋರಿಗೆ. ನಿಮ್ಮ ಪುಟ ಹೋಗಿರೋದು ತಾನೆ?” ಎಂದ. ತಮಗೆ ಎರಡನೆಯ ಮಾದರಿ ಸಿಕ್ಕಿತು. ಬಿಳಿ ನಿಲುವಂಗಿಯಲ್ಲಿ, ಬಲೂನುಗಳ ನಡುವೆ ತಾವು ಬಹಳ ಚೆನ್ನಾಗಿ ಕಾಣುತ್ತೀರಿ. ಆದರೆ ಮನವಿ ಸ್ವೀಕೃತವಾಗುವುದು ಅಪರೂಪವಾದ ಕಾರಣ ಅದನ್ನು ಕಂಡವರು ಕಡಿಮೆ. ಹೋದ ವರ್ಷ ಕಡತಗಳ ಜಾಗ ಬದಲಾಯಿಸಿದ ಕಾರಣ ಅರ್ಧಕ್ಕರ್ಧ ಪುಟಗಳು ಸಿಗುವುದಿಲ್ಲ. ಆ ಕಾರಣ ಅರ್ಜಿದಾರಳನ್ನು ಕಾಣದವರೇ ಇಲ್ಲ. ಜನನ ಪತ್ರ ಹುಡುಕಿದವರಿಗೂ ಅವಳೇ, ಮಾರುಕಟ್ಟೆಯ ಮಳಿಗೆ ಹುಡುಕಿದವರಿಗೂ ಅವಳೇ. ಜೋಳದ ಹಿಟ್ಟಿನ ಕೆಂಕೆ ಮಾರುವ ಆಂಟಿ ಮಾನ್ಸಾ ಅವಳನ್ನು ಕಂಡವಳೇ ಬುಟ್ಟಿ ಕೆಳಗಿಟ್ಟು, “ಅಯ್ಯೋ ನಿನ್ನ! ನಿನ್ನೆ ರಾತ್ರಿಯೆಲ್ಲ ಅತ್ತು ಮುಖ ಊದಿಸ್ಕೊಂಡಿದೀನಿ, ನೀನಿಲ್ಲಿ ಟೊಮೇಟೊ ಆರಿಸ್ತಿದೀಯಾ? ನನ್ನ ಕಣ್ಣೀರು ಯಾರೇ ವಾಪಸ್ ಕೊಡ್ತಾರೆ?” ಎಂದು ಸಂತೆಯ ಎದುರೇ ಜಗಳಕ್ಕೆ ನಿಂತಳು.

3. ಉಲ್ಲೇಖ ಒಂದು ಮತ್ತು ಎರಡರ ಅರ್ಜಿಗಳಿಗೆ ತಮ್ಮ ಉತ್ತರ ಹೀಗಿತ್ತು: “ನೋಡು ಫೆಲಿ, ಮೊದ್ಲು ಪುಟ ಸಿಗಲಿಲ್ಲ ಅಂದ್ರೆ ಜನ ನಮ್ಮಪ್ಪ ಅಮ್ಮನ್ನೆಲ್ಲ ಸೇರಿಸಿ ಬೈದು ಬರೀತಿದ್ರು. ಈಗ ಒಂದು ದೂರಿಲ್ಲ. ಸಾವಿನ ಮನೇಲಿ ಯಾರು ರಸೀದಿ ಕೇಳ್ತಾರೆ? ನೀನು ಇಲಾಖೆಗೆ ದೊಡ್ಡ ಉಪಕಾರ ಮಾಡ್ತಿದ್ದೀಯ.” ಆದರೆ ಮಂಗಳವಾರ ಪ್ರಾಂತೀಯ ಅಧಿಕಾರಿಗಳು ನಮ್ಮ ವಾರ್ಷಿಕ ವರದಿಯನ್ನು ಹುಡುಕಲು ಹೋಗಿ, ಅರ್ಜಿದಾರಳನ್ನು ಕಂಡು, ತಮಗೆ ಫೋನಿನಲ್ಲಿ ಸಂತಾಪ ಹೇಳಿ, ತೆರವಾದ ಹುದ್ದೆಗೆ ಸ್ವಂತ ಸೋದರಳಿಯನ ಹೆಸರು ಸೂಚಿಸಿದ ಕಾರಣ, ಸೋಮವಾರದೊಳಗೆ ಮುಖ ತೆಗೆಯತಕ್ಕದ್ದೆಂದು ಆದೇಶವಾಗಿದೆ. ಆದೇಶವನ್ನು ಶಿರಸಾ ವಹಿಸಲಾಗುವುದು.

4. ಈ ಕಚೇರಿಯಲ್ಲಿ ಅರ್ಜಿಗಳನ್ನು ಮೂರನೇ ಕಂಡಿಕೆಯಾಚೆಗೆ ಓದುವ ರೂಢಿ ಇಲ್ಲ. ಎರಡನೆಯ ಅರ್ಜಿಯ ಐದನೇ ಕಂಡಿಕೆಯಲ್ಲಿ ಅರ್ಜಿದಾರಳು ಕಡಲೆಕಾಯಿ ಸಾರು ಮಾಡುವ ವಿಧಾನವನ್ನು ಬರೆದಿದ್ದಳು. ಅದರಲ್ಲಿ ಉಪ್ಪು ಬಿಟ್ಟುಹೋಗಿದ್ದನ್ನೂ ಯಾರೂ ಆಕ್ಷೇಪಿಸಲಿಲ್ಲ. ಆದ್ದರಿಂದ ಮುಂದಿನ ಸಂಗತಿಗಳನ್ನು ನಿಸ್ಸಂಕೋಚವಾಗಿ ನಿವೇದಿಸಿಕೊಳ್ಳಲಾಗಿದೆ.

5. ಅರ್ಜಿದಾರಳಿಗೆ ಡೋರ್ಕಸ್ ಎಂಬ ಒಬ್ಬಳೇ ತಂಗಿ. ಪಕ್ಕದ ಊರಿನಲ್ಲಿ ಹೊಗೆ ಹಾಕಿದ ಮೀನು ಮಾರುತ್ತಾಳೆ. ಅವರ ತಾಯಿ ಅಗ್ಯೆಯ್ವಾ ತೀರಿಕೊಂಡಾಗ ಪೋಸ್ಟರಿಗೆ ಯಾವ ಫೋಟೋ ಎಂಬ ಪ್ರಶ್ನೆ ಬಂತು. ಕತ್ತಿನ ತುಂಬ ಮಣಿಸರ ಹಾಕಿಕೊಂಡ ಹರೆಯದ ಅಮ್ಮ ಇರಲಿ ಎಂದು ತಂಗಿ. ಬೊಚ್ಚುಬಾಯಲ್ಲಿ ನಗುವ ಕಡೆಗಾಲದ ಅಮ್ಮ ಇರಲಿ ಎಂದು ಅಕ್ಕ. ಹಿರಿಯವಳ ಮಾತು ನಡೆಯಿತು. ಊರ ಗೋಡೆಗಳ ತುಂಬ ಅಮ್ಮ ಬೊಚ್ಚುಬಾಯಲ್ಲಿ ನಕ್ಕಳು. ಡೋರ್ಕಸ್ ಮಣ್ಣು ಮುಟ್ಟಿ, ಅಮ್ಮನ ಮೇಲೆ ಆಣೆ ಇಟ್ಟಳು: “ನೀನು ಬದುಕಿರೋ ತನಕ ನಿನ್ನ ಹೊಸಿಲು ತುಳಿಯಲ್ಲ ಕಣೇ. ನಿನ್ನ ಸಾವಿಗೇ ಬರ್ತೀನಿ.” ನಮ್ಮಲ್ಲಿ ಆಣೆ ಮುರಿಯಬೇಕಾದರೆ ಹಿರಿಯರ ಮುಂದೆ ಕುರಿ ಕಡಿಸಿ, ತಪ್ಪಾಯಿತು ಎಂದು ಹೇಳಬೇಕೆಂಬುದು ತಮಗೆ ತಿಳಿದದ್ದೇ. ಡೋರ್ಕಸ್ ಕುರಿಯನ್ನು ಕೊಟ್ಟಾಳು. ತಪ್ಪಾಯಿತು ಎಂಬ ಮಾತನ್ನು ಕೊಡುವವಳಲ್ಲ. ಹೀಗೆ ಏಳು ವರ್ಷ ಹೋಯಿತು.

6. ಹೋದ ತಿಂಗಳು ಒಂದು ಶನಿವಾರ ಅರ್ಜಿದಾರಳು ಹಿತ್ತಲಲ್ಲಿ ಊಟಕ್ಕೆ ಬೆಂದ ಮರಗೆಣಸಿನ ಫುಫು ಕುಟ್ಟುತ್ತಿದ್ದಳು. ಬೀದಿಯಿಂದ ಅಳು ಕೇಳಿತು. “ಅಯ್ಯೋ ನನ್ನಕ್ಕಾ, ನನ್ನ ಒಂಟಿ ಮಾಡಿ ಹೋದ್ಯಲ್ಲೇ, ಸಿಟ್ಟು ಇಳಿಯೋವರೆಗೂ ಕಾಯಬಾರದಿತ್ತೇನೇ!” ಕೆಂಪು-ಕಪ್ಪು ಉಟ್ಟು, ತಲೆಗೆ ಕೆಂಪು ಪಟ್ಟಿ ಕಟ್ಟಿ ಡೋರ್ಕಸ್ ಹೊಸಿಲು ದಾಟಿ ಬಂದಳು. ಅಕ್ಕ ಒನಕೆ ಎತ್ತಿ ಹಿಡಿದವಳು ಹಾಗೇ ನಿಂತಳು.

“ಡೋರ್ಕಸ್?”

“ಸ್ವಲ್ಪ ತಡಿ. ಅಕ್ಕಪಕ್ಕದೋರು ನೋಡ್ತಿದಾರೆ. ಅಳು ಮುಗಿಸ್ತೀನಿ.”

ಮುಗಿಸಿದಳು. ಮೂಗು ಒರೆಸಿಕೊಂಡು ಮಣೆಯ ಮೇಲೆ ಕೂತಳು. “ಅಳೋಕೆ ಬಂದೋರಿಗೆ ನೀರು ಕೊಡೋ ಪದ್ಧತಿ ಈ ಮನೇಲಿ ಇಲ್ವಾ?” ಅಕ್ಕ ನೀರು ತಂದಳು. ತಂಗಿ ಕುಡಿದು, ಲೋಟದ ಅಂಚಿನ ಮೇಲಿಂದ ನೋಡಿದಳು. “ದಪ್ಪ ಆಗಿದೀಯ.”

“ಡೋರ್ಕಸ್, ಅದು ಕಚೇರಿಯ ಪುಟ. ನಾನು ಬದು...”

“ಬಾಯಿ ಮುಚ್ಚು! ಆ ಮಾತು ಆಡಿದ್ರೆ ನಾನೀಗಲೇ ಎದ್ದು ಹೋಗ್ಬೇಕಾಗುತ್ತೆ. ಆಣೆ ಇದೆ.” ಸೆರಗಿನ ಗಂಟಿನಿಂದ ಫೋನ್ ತೆಗೆದು ಹಿಡಿದಳು. “ಸರ್ಕಾರವೇ ಹಾಕಿದೆ ನೋಡು. ಸರ್ಕಾರಕ್ಕಿಂತ ನಿನಗೆ ಜಾಸ್ತಿ ಗೊತ್ತಾ? ಮತ್ತೆ ಇದೇನಿದು, ಮೂಲೇಲಿ ಕಾಣ್ತಿರೋದು ನನ್ನ ಭುಜ ಅಲ್ವಾ? ಅಮ್ಮನ ಮಣ್ಣಿನ ದಿನದ ಫೋಟೋ ಇದು. ನನ್ನ ಕತ್ತರಿಸಿ ಹಾಕಿದೀಯಲ್ಲೇ!”

“ಕತ್ತರಿಸಿದ್ದು ಕ್ವಾರ್ಶಿ.”

“ಸತ್ತ ಮೇಲೂ ಇನ್ನೊಬ್ಬರ ಮೇಲೆ ಹಾಕೋ ಬುದ್ಧಿ ಬಿಡಲಿಲ್ಲ ನೀನು.”

ಊಟಕ್ಕೆ ಕೂತಳು. ತಾಳೆಕಾಯಿ ಸಾರಿಗೆ ಎರಡು ಸಲ ಕೈ ಒಡ್ಡಿ, ತೀರಿಹೋದವಳ ಕೈಗೆ ಉಪ್ಪು ಜಾಸ್ತಿ ಎಂದಳು. ಆಮೇಲೆ ಅಕ್ಕನನ್ನು ಕಾಲುಗಳ ನಡುವೆ ಕೂರಿಸಿಕೊಂಡು ತಲೆ ಬಿಚ್ಚಿದಳು. “ಹೋದೋರ ತಲೆ ಬಾಚೋದು ಒಡಹುಟ್ಟಿದೋರ ಕೆಲಸ. ಅಲ್ಲಾಡಬೇಡ. ಹೆಣ ಎಲ್ಲಾದ್ರೂ ಅಲ್ಲಾಡುತ್ತಾ?” ಅರ್ಜಿದಾರಳು ಅಲ್ಲಾಡಲಿಲ್ಲ. ಏಳು ವರ್ಷದಿಂದ ಅವಳ ತಲೆಯನ್ನು ಬೇರೆ ಯಾರೂ ಮುಟ್ಟಿರಲಿಲ್ಲ. ಬೆರಳುಗಳು ಅಮ್ಮನ ಬೆರಳುಗಳ ಹಾಗೆಯೇ ಬೈತಲೆ ತೆಗೆದವು. ಜಡೆ ಬಿಗಿಯಾಗಿ, ನೋವಾಗುವ ಹಾಗೆ ಬಿತ್ತು.

7. ಅಂದಿನಿಂದ ಡೋರ್ಕಸ್ ಪ್ರತಿ ಶನಿವಾರ ಬರುತ್ತಿದ್ದಾಳೆ. ಬಂದವಳೇ ಒಳಗೆ ನುಗ್ಗುವುದಿಲ್ಲ. ಹೊಸಿಲಾಚೆ ನಿಂತು ಫೋನ್ ತೆಗೆದು, ಸಭೆಯ ವೆಬ್‌ಸೈಟಿನ ವಿಳಾಸದ ಮುಂದೆ ಅಮ್ಮನ ಹೆಸರನ್ನು ಒತ್ತುತ್ತಾಳೆ. ಆ ಹೆಸರಿನ ಪುಟ ನಮ್ಮಲ್ಲಿಲ್ಲ. ಅಕ್ಕನ ಮುಖ ಬರುತ್ತದೆ. “ಹ್ಞಾಂ, ಇನ್ನೂ ಸತ್ತೇ ಇದಾಳೆ” ಎಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಾಳೆ. ಹೋದ ಶನಿವಾರ ಹೊರಡುವಾಗ ಹೀಗೆ ಮಾತಾಯಿತು.

“ಬರೋ ವಾರ ಅಲ್ಲ, ಅದರಾಚೆ ಶನಿವಾರ ನಿನ್ನ ನಲವತ್ತನೇ ದಿನ. ಕೋಳಿ ನಾನು ತರ್ತೀನಿ. ಅಡುಗೆ ನೀನೇ ಮಾಡು. ನಿನಗಂತ ನಿನಗಿಂತ ಹತ್ತಿರದೋರು ಇನ್ಯಾರಿದಾರೆ?”

“ನಲವತ್ತು ಆದ ಮೇಲೆ?”

“ವರ್ಷದ್ದು ಇದೆಯಲ್ಲ.”

“ವರ್ಷ ಆದ ಮೇಲೆ, ಡೋರ್ಕಸ್?”

“ಸತ್ತೋರಿಗೆ ಏನೇ ಅಷ್ಟು ಅವಸರ?” ಎಂದವಳು ತಿರುಗಿ ನೋಡದೆ ಟ್ರೋಟ್ರೋ ವ್ಯಾನ್ ಹತ್ತಿದಳು.

8. ಸೋಮವಾರದಿಂದ ಪುಟ ಖಾಲಿಯಾದರೆ, ಆ ವಾರದ ಶನಿವಾರ ಡೋರ್ಕಸ್ ಕೋಳಿ ಹಿಡಿದುಕೊಂಡು ಹೊಸಿಲಾಚೆ ನಿಂತು, ಅಮ್ಮನ ಹೆಸರು ಒತ್ತಿ, ಅಕ್ಕ ಬದುಕಿದ್ದಾಳೆಂದು ತಿಳಿದು, ಕೋಳಿಯ ಸಮೇತ ಹಿಂದಿರುಗುತ್ತಾಳೆ. ಅವಳು ಅಂಥವಳೇ. ಅರ್ಜಿದಾರಳು ಈ ವಿಷಯವನ್ನು ಬೆಳಿಗ್ಗೆಯಿಂದ, ಅಂದರೆ ಮೇಣದಬತ್ತಿಗಳನ್ನು ತೆಗೆಯುತ್ತಿದ್ದಾಗಿನಿಂದ ಯೋಚಿಸುತ್ತಿದ್ದಾಳೆ. ಸರ್ವರ್‌ಗೆ ಒಂದೇ ದೋಷಪುಟ ಇರಬೇಕೆಂಬ ನಿಯಮವಿಲ್ಲ. ಯಾವ ದಾರಿಯಲ್ಲಿ ಬಂದು ಕೈ ಬರಿದಾದವರಿಗೆ ಯಾವ ಪುಟ ತೋರಿಸಬೇಕೆಂದು ಬೇರೆ ಬೇರೆಯಾಗಿ ಹೇಳಬಹುದು. ಅದು ಒಂದು ಸಾಲಿನ ಕೆಲಸ. ಜಿಲ್ಲೆಯ ಸಮಸ್ತ ಜನತೆಗೆ, ತಮಗೆ, ಪ್ರಾಂತೀಯ ಅಧಿಕಾರಿಗಳಿಗೆ ಮತ್ತು ಅವರ ಸೋದರಳಿಯನಿಗೆ ಸೋಮವಾರದಿಂದ ಮುಖವಿಲ್ಲದ ಪುಟವೇ ಕಾಣುವುದು. ಅಗ್ಯೆಯ್ವಾ ಎಂದು ಒತ್ತಿದವರಿಗೆ ಮಾತ್ರ ಮೇಣದಬತ್ತಿಗಳು, ಪಾರಿವಾಳಗಳು, ಮುಖ, ಮೂಲೆಯಲ್ಲಿ ಒಂದು ಭುಜ, ಎಲ್ಲವೂ ಇದ್ದ ಹಾಗೆಯೇ ಇರುವುವು. ಇದನ್ನು ಯಾರಿಗೂ ಹೇಳಿಲ್ಲ. ಡೋರ್ಕಸ್‌ಗೂ ಹೇಳುವುದಿಲ್ಲ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿ ಆದೇಶವು ಸೋಮವಾರ ಬೆಳಿಗ್ಗೆ ಪೂರ್ಣವಾಗಿ ಜಾರಿಯಾಗುವುದೆಂದು ವರದಿ ಮಾಡುತ್ತಾ, ಅದೇ ವಾರದ ಶುಕ್ರವಾರ ಅರ್ಜಿದಾರಳಿಗೆ ಒಂದು ದಿನದ ಸಾಂದರ್ಭಿಕ ರಜೆಯನ್ನು ದಯಪಾಲಿಸಬೇಕೆಂದು ಪ್ರಾರ್ಥನೆ.

ತಮ್ಮ ವಿಶ್ವಾಸಿ, ಸದ್ಯಕ್ಕೆ ದಿವಂಗತೆ,
ಫೆಲಿಷಿಯಾ ನ್ಯಾರ್ಕೊ

ಅಡಕಗಳು:
1. ಹೊಸ ದೋಷಪುಟದ ಮಾದರಿ, ಮುಖರಹಿತ.
2. ಅರ್ಜಿದಾರಳು ಜೀವಂತವಾಗಿರುವಳೆಂದು ಆಂಟಿ ಮಾನ್ಸಾ ಹೆಬ್ಬೆಟ್ಟು ಒತ್ತಿ ಕೊಟ್ಟ ಪತ್ರ. ಕಚೇರಿಯ ಉಪಯೋಗಕ್ಕೆ ಮಾತ್ರ. ಪಕ್ಕದ ಊರಿನವರ ಕೈಗೆ ಕೊಡಬಾರದು.

ರಜೆಯ ಕಾರಣ: ಕುಟುಂಬದಲ್ಲಿ ನಲವತ್ತನೇ ದಿನದ ಸಿದ್ಧತೆ.
ಮೃತರೊಂದಿಗೆ ಅರ್ಜಿದಾರಳ ಸಂಬಂಧ: ಸ್ವತಃ ತಾನೇ. ಅಡುಗೆಗೆ ಬೇರೆ ಯಾರೂ ಇಲ್ಲದ ಕಾರಣ ಖುದ್ದಾಗಿ ಹಾಜರಿರುವುದು ಅನಿವಾರ್ಯ. ದಯವಿಟ್ಟು ರಜೆ ಮಂಜೂರು ಮಾಡುವುದು.