ಗಂಧಕ ಹಚ್ಚಿದ ಜೋಳ

ನಮ್ಮ ಅತ್ತೆ ದೇವರೊಬ್ಬನನ್ನು ಮಾತ್ರ ಪರೀಕ್ಷೆ ಮಾಡದೆ ನಂಬಿದ್ದಳು! ಉಳಿದದ್ದಕ್ಕೆಲ್ಲ ಸಾಕ್ಷಿ ಬೇಕು. ಕುಂಬಾರ “ಈ ಕೊಡ ಸೋರೂದಿಲ್ರಿ” ಎಂದರೆ ನೀರು ತುಂಬಿಸಿ, ಅವನನ್ನೂ ಕಟ್ಟೆಯ ಮೇಲೆ ಕೂಡಿಸಿ, ಊಟ ಹಾಕಿ, ಸಂಜೆಯವರೆಗೆ ಕಾಯುವಳು. ಇನ್ನು ಸ್ವಂತ ಅಣ್ಣನ ಮಗಳಾದ ನನ್ನನ್ನು ಸೊಸೆ ಮಾಡಿಕೊಳ್ಳುವ ಮೊದಲು ಎಷ್ಟು ರೊಟ್ಟಿ ತಟ್ಟಿಸಿ ನೋಡಿದಳೆಂಬುದನ್ನು ಹೇಳದಿರುವುದೇ ಒಳ್ಳೆಯದು!

ಎರಡನೆಯ ಮಹಾಯುದ್ಧ ಶುರುವಾದ ಹೊತ್ತು. ಶಿಗ್ಗಾಂವದ ಸಂತೆಗೆ ಕೃಷಿ ಖಾತೆಯ ಸಾಹೇಬರೊಬ್ಬರು ಬಂದರು. ಜೋಳದ ತೆನೆಯಲ್ಲಿ ಕಾಳಿನ ಬದಲು ಕರಿ ಪುಡಿ ತುಂಬುವ ಕಾಡಿಗೆ ರೋಗ ನಮ್ಮ ಕಡೆ ಕರೆಯದೆ ಬರುವ ಬೀಗ. ಅದು ಬೀಜಕ್ಕೇ ಅಂಟಿಕೊಂಡು ಬರುತ್ತದೆ, ಬಿತ್ತುವ ಮೊದಲು ಗಂಧಕದ ಪುಡಿ ಬೆರೆಸಿದರೆ ಸಾಯುತ್ತದೆ ಎಂದು ಸಾಹೇಬರು ಗಡಿಗೆಯಲ್ಲಿ ಬೀಜ ಕುಲುಕಿ ತೋರಿಸಿದರು.

“ನೀವು ಕಣ್ಣಾರೆ ನೋಡೀರೇನ್ರಿ?” ಅತ್ತೆ ಕೇಳಿದಳು.

“ಸರಕಾರಿ ಹೊಲದಾಗ ಮಾಡಿ ನೋಡೇವ್ರಿ, ತಾಯಿ.”

“ಸರಕಾರಿ ಹೊಲ ಸರಕಾರದ ಮಾತು ಕೇಳತೈತ್ರಿ. ನಮ್ಮ ಹೊಲ ಕೇಳತೈತೋ ಇಲ್ಲೋ ನೋಡೂಣು!”

ಪುಡಿಯ ಪೊಟ್ಟಣ ಕಂಡು ಮಾವ ಸಿಡಿದರು. “ಬೀಜಕ್ಕ ಮದ್ದು ಹಚ್ಚಿ ಹೊಲದಾಗ ಪಟಾಕಿ ಹಾರಸ್ತಿಯೇನ?” ಕೊನೆಗೆ ಹೊಲವೇ ಪಾಲಾಯಿತು. ಅರ್ಧಕ್ಕೆ ಅತ್ತೆಯ ಗಂಧಕದ ಬೀಜ, ಅರ್ಧಕ್ಕೆ ಮಾವನ ಬರಿ ಬೀಜ. ಅಷ್ಟಕ್ಕೆ ಮಾವ ಸುಮ್ಮನಿದ್ದರೇ? “ಅಕಿ ಪಾಲು ಚೊಲೋ ಬಂದ್ರ ಮೀಸಿ ತಗಸ್ತೇನಿ!” ಎಂದು ಚಾವಡಿಯಲ್ಲಿ ಸಾರಿ ಬಂದರು.

ತೆನೆ ಬಲಿತವು. ಅತ್ತೆಯ ಪಾಲಿನಲ್ಲಿ ಹುಡುಕಿದರೂ ಕಾಡಿಗೆ ಸಿಗಲಿಲ್ಲ. ಮಾವನ ಪಾಲಿನಲ್ಲಿ ಹುಡುಕಬೇಕಾಗಿಯೇ ಇರಲಿಲ್ಲ!

ಸಾಹೇಬರು ಊರವರೊಂದಿಗೆ ನೋಡಲು ಬರುವ ದಿನ ಅತ್ತೆ, ನಾನು ಮುಂಚೆಯೇ ಹೊಲಕ್ಕೆ ಹೋದೆವು. ನೋಡಿದರೆ ಮಾವ ಒಬ್ಬರೇ ಕರಿ ತೆನೆ ಕಿತ್ತು ಚೀಲಕ್ಕೆ ತುಂಬುತ್ತಿದ್ದಾರೆ. ಮುಖವೆಲ್ಲ ಕಪ್ಪು. ಇನ್ನು ಅತ್ತೆಯ ನಾಲಿಗೆಯನ್ನು ಹಿಡಿಯುವವರುಂಟೇ ಎಂದುಕೊಂಡೆ. ಅವಳು ಸೆರಗು ತೋಯಿಸಿ ಅವರ ಮುಖ ಒರೆಸಿದಳು.

“ಕೀಳಬ್ಯಾಡ್ರಿ. ಮಂದಿಗೆ ಫರಕು ಕಾಣಬೇಕು.”

“ನಾ ಹೆಂಗ ಮಾರಿ ತೋರಿಸ್ಲಿ?” ಮಾವ ಚೀಲ ಕೆಳಗಿಟ್ಟರು.

ಮಂದಿ ಬಂದರು. ಹೊಲಕ್ಕಿಂತ ಮೊದಲು ಎಲ್ಲರ ಕಣ್ಣು ಮಾವನ ಮೀಸೆಯ ಮೇಲೆ! ಅತ್ತೆ ಮುಂದೆ ಬಂದು ನಿಂತಳು.

“ಎಲ್ಲಾ ಬೀಜಕ್ಕ ಗಂಧಕ ಹಚ್ಚಿದ್ರ ನಿಮಗ ಫರಕು ತಿಳೀತಿತ್ತೇನ್ರಿ? ಊರಿಗೆ ತಿಳೀಲಿ ಅಂತ ನಮ್ಮ ಮನ್ಯಾರು ಬೇಕಂತನ ಅರ್ಧ ಹೊಲ ಕೆಡಿಸಿಕೊಂಡ್ರು. ಮೀಸಿ ಮಾತು ಬರೇ ಚ್ಯಾಷ್ಟಿ.”

ಸಾಹೇಬರು ಮಾವನಿಗೆ ಕೈಮುಗಿದರು. ಮುಂದಿನ ಬಿತ್ತಿಗೆಗೆ ಊರಿಗೆ ಊರೇ ಗಂಧಕ ಕೇಳಿತು. ಮಾವ ಮಾತ್ರ ತಲೆ ಎತ್ತಲಿಲ್ಲ.

ಮನೆಗೆ ಬಂದು ನಾನು ಎಂದಿನಂತೆ ಮಾವನ ಮುಂದೆ ತಾಟು ಇಟ್ಟೆ. ಅವರು ಅದನ್ನು ಮೆಲ್ಲಗೆ ಅತ್ತೆಯ ಕಡೆ ಸರಿಸಿದರು.

“ಮೊದಲ ನಿಮ್ಮತ್ತಿಗೆ ನೀಡವ್ವಾ.”