ಶಿರಾದಲ್ಲಿ ಎದ್ದ ಸುನಾಮಿ

ನಮ್ಮ ಸೋದರಮಾವನಿಗೆ ಸಣ್ಣ ಕೆಲಸ ಹೇಳಬಾರದು. ಹೇಳಿದರೆ ಅದು ಸಣ್ಣದಾಗಿ ಉಳಿಯುವುದಿಲ್ಲ! ಕಳ್ಳಂಬೆಳ್ಳದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಈ ಮಹಾಶಯರು ಒಮ್ಮೆ ಶಿರಾದ ನಮ್ಮ ಮನೆಗೆ ಕಿಟಕಿಯ ಚಿಲಕ ಸರಿಮಾಡಲು ಬಂದು, ಕಿಟಕಿಯನ್ನೇ ಬೇರೆ ಗೋಡೆಗೆ ವರ್ಗ ಮಾಡಿ ಹೋದವರು. ಇಂಥವರ ಮುಂದೆ ಆರನೇ ಕ್ಲಾಸಿನ ನನ್ನ ಮಗಳು, ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಸುನಾಮಿ ಮಾಡಬೇಕು ಎಂದುಬಿಟ್ಟಳು.

ನಾನಾಗಲೇ ಥರ್ಮಾಕೋಲಿಗೆ ನೀಲಿ ಬಳಿಯುತ್ತಿದ್ದೆ. ಮಾವ ಮುಖ ಸಿಂಡರಿಸಿದರು.

“ಇದೇನಮ್ಮ, ಗೋಡೆಗೆ ಬಣ್ಣ ಹೊಡ್ದಂಗೈತೆ?”

“ಅಲೆ ಮಾವ.”

“ಅಲೆ ಅಂದ್ರೆ ಎದ್ದು ಬರ್ಬೇಕು ಕಣಮ್ಮ! ಬುಡು, ನಾನ್ ತತ್ತೀನಿ.”

ಮೂರನೇ ದಿನ ಲಗೇಜ್ ಆಟೋದಿಂದ ಸುನಾಮಿ ಇಳಿಯಿತು. ಆಳುದ್ದದ ತಗಡಿನ ತೊಟ್ಟಿ. ಒಂದು ತುದಿಗೆ ಸಮುದ್ರ, ಇನ್ನೊಂದು ತುದಿಗೆ ಮರಳಿನ ದಡ, ಅದರ ಮೇಲೆ ಬೆಂಕಿಪೊಟ್ಟಣದ ಊರು. ಹಿಡಿ ಒತ್ತಿದರೆ ನೀರಿನಡಿಯ ಹಲಗೆ ಧಡಕ್ಕನೆ ಮೇಲೇಳುತ್ತದೆ, ಅದೇ ಭೂಕಂಪ. ಹಲಗೆಯ ಕೆಳಗಿದ್ದದ್ದು ಯಾವುದೋ ಗಾಡಿಯ ಸ್ಪ್ರಿಂಗ್!

“ಇನ್ನೂ ಸಣ್ಣದು ಸಿಗಲಿಲ್ವಾ ಮಾವ?”

“ಭೂಮಿ ಅಲ್ಲಾಡ್ಸಕ್ಕೆ ಪೆನ್ನಿನ್ ಸ್ಪ್ರಿಂಗ್ ಆಯ್ತದಾ?”

ಅಂಗಳದಲ್ಲಿ ಪರೀಕ್ಷೆ ನಡೆಯಿತು. ಅಲೆ ಊರನ್ನು ದಾಟಿ, ತೊಟ್ಟಿಯನ್ನು ದಾಟಿ, ಪಕ್ಕದ ಮನೆಯಾಕೆ ಒಣಹಾಕಿದ್ದ ಸಂಡಿಗೆಯ ಮೇಲೆ ಬಿತ್ತು. ಆಕೆ ಓಡಿ ಬಂದು ಆಕಾಶ ನೋಡಿದರು. “ಮೋಡಾನೇ ಇಲ್ಲ, ಎಲ್ಲಿಂದ ಬಂತು ನೀರು?”

“ಜಪಾನಿಂದ ಕಣಮ್ಮ!” ಎಂದರು ಮಾವ.

ಆದರೆ ನನ್ನ ಚಿಂತೆ ಬೇರೆಯೇ ಇತ್ತು. ಮಗಳಿಗೆ ತೊದಲು. ನಾಲ್ಕು ಜನರೆದುರು ನಿಂತರೆ ಮೊದಲ ಅಕ್ಷರವೇ ಹೊರಡದು. ಪ್ರದರ್ಶನದ ಬೆಳಿಗ್ಗೆ ಅವಳು ನನ್ನ ಸೆರಗು ಬಿಡಲೇ ಇಲ್ಲ. “ನೀನೇನೂ ಮಾತಾಡ್ಬೇಡ ಕಣವ್ವ, ಅಲೆನೇ ಮಾತಾಡ್ತದೆ” ಎಂದು ಮಾವ ಧೈರ್ಯ ಹೇಳಿ, ಇರಲಿ ಎಂದು ಸ್ಪ್ರಿಂಗನ್ನು ಇನ್ನೆರಡು ಸುತ್ತು ಬಿಗಿ ಮಾಡಿದರು.

ಮುಖ್ಯ ಅತಿಥಿಗಳು ಬಂದರು. ಮಗಳು ಹಿಡಿ ಒತ್ತಿದಳು. ಅಲೆ ಮಾತಾಡಿತು ನೋಡಿ! ಊರು ಹೋಯಿತು. ಪಕ್ಕದ ಮೇಜಿನಲ್ಲಿ ಕರ್ಪೂರ ಹಚ್ಚಿಟ್ಟಿದ್ದ ಜ್ವಾಲಾಮುಖಿ ಚುಯ್ ಎಂದು ಆರಿತು. ಅತಿಥಿಗಳು ಬೂಟು ಉಳಿಸಿಕೊಳ್ಳಲು ಬೆಂಚು ಹತ್ತಿದರು. ಬೆನ್ನಿಗೇ ಹೆಡ್‌ಮಿಸ್ಸೂ ಹತ್ತಿದರು.

“ಯಾರ್ರೀ ಇದನ್ನ ಮಾಡಿದ್ದು? ಬುದ್ಧಿ ಇದೆಯೇನ್ರೀ?” ಹೆಡ್‌ಮಿಸ್ಸು ಬೆಂಚಿನ ಮೇಲಿಂದಲೇ ಗುಡುಗಿದರು.

ಎಂಥದಕ್ಕೂ ಉತ್ತರವಿರುತ್ತಿದ್ದ ಮಾವ ಹೆಗಲ ಟವಲ್ ತಿರುಚುತ್ತಾ ತಲೆ ತಗ್ಗಿಸಿ ನಿಂತರು. ಅವರನ್ನು ಹಾಗೆ ನಾನು ಎಂದೂ ಕಂಡಿರಲಿಲ್ಲ.

ಆಗ ಮಗಳು ಅವರ ಮುಂದೆ ಬಂದು ನಿಂತಳು.

“ತ... ತ... ತಾತನ್ನ ಬೈಬೇಡಿ ಮಿಸ್. ಸು... ಸುನಾಮಿ ಹಿಂಗೇ ಬರೋದು.”

ಆಮೇಲೆ ನಿಲ್ಲಲೇ ಇಲ್ಲ. ಸಮುದ್ರದಡಿಯ ನೆಲ ಏಳುವುದು, ನಡುನೀರಿನಲ್ಲಿ ಗೊತ್ತೇ ಆಗದ ಅಲೆ ದಡ ಹತ್ತಿರವಾದಂತೆ ಎತ್ತರವಾಗುವುದು, ಎಲ್ಲವನ್ನೂ ಎಡವುತ್ತ, ಎಡವಿದಲ್ಲಿಂದಲೇ ಎದ್ದು ಹೇಳಿದಳು.

“ಸಮುದ್ರ ಹಿಂ... ಹಿಂದಕ್ಕೆ ಹೋದ್ರೆ ನೋಡ್ತಾ ನಿಲ್ಬಾರ್ದು. ಎತ್ತರದ ಜಾಗ ಹತ್ಬೇಕು. ನೀ... ನೀವು ಹತ್ತಿದ್ರಲ್ಲ ಮಿಸ್, ಹಂಗೆ.”

ಮೊದಲು ನಕ್ಕವರು ಅತಿಥಿಗಳು. ಹೆಡ್‌ಮಿಸ್ಸು ಅವರ ಮುಖ ನೋಡಿದರು, ತಾವು ನಿಂತಿದ್ದ ಬೆಂಚು ನೋಡಿದರು, ತಾವೂ ನಕ್ಕರು. ಸಭಾಂಗಣವೆಲ್ಲ ಚಪ್ಪಾಳೆ.

ತಿರುಗಿ ನೋಡಿದರೆ ಮಾವ ಇಲ್ಲ! ಹುಡುಕಿಕೊಂಡು ಹೋದರೆ, ಶಾಲೆಯ ಹಿಂದೆ ಮುಖಕ್ಕೆ ಟವಲ್ ಒತ್ತಿಕೊಂಡು ನಿಂತಿದ್ದರು.

“ಏನಾಯ್ತು ಮಾವ?”

“ಏನಿಲ್ಲ ಬುಡಮ್ಮ, ಕಣ್ಣಿಗೆ ನೀರ್ ಸಿಡೀತು.”

ಅವರ ಪಂಚೆ ಒದ್ದೆಯಾಗಿದ್ದದ್ದು ಮೊಣಕಾಲಿನವರೆಗೆ ಮಾತ್ರ.